ನೋವಿನ ಮಾತ್ರೆಯ ಜಾಹೀರಾತು: ಮದ್ದಿನ ಹೆಸರನ್ನೂ ಮಿತಿಯನ್ನೂ ಗಟ್ಟಿಯಾಗಿ ಹೇಳಲಿ

ಸಂಪಾದಕರಿಗೆ ನಮಸ್ಕಾರ,

ಕಾಫಿ ಕೊಯ್ಲು ಶುರುವಾದರೆ ಸಾಕು, ನಮ್ಮ ಕಡೆಯ ಮೆಡಿಕಲ್‌ಗಳಲ್ಲಿ ನೋವಿನ ಮಾತ್ರೆ, ಬಾಮು, ಸ್ಪ್ರೇ ಕೇಳುವವರು ಜಾಸ್ತಿಯಾಗುತ್ತಾರೆ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ, ಅದರ ಬೆನ್ನಿಗೇ ಕರಿಮೆಣಸು. ದಿನವಿಡೀ ರೆಂಬೆ ಬಗ್ಗಿಸಿ ಹಣ್ಣು ಕೊಯ್ದು ಸಂಜೆ ಚೀಲ ಹೊತ್ತು ತೂಕಕ್ಕೆ ತರುವವರಿಗೆ, ಏಣಿಯ ಮೇಲೆ ನಿಂತು ಮೆಣಸು ಬಿಡಿಸುವವರಿಗೆ ಸೊಂಟ, ಭುಜ, ಮಂಡಿ ನೋಯದೆ ಇರುತ್ತದಾ? ನೋವು ನಿಜ. ಅದಕ್ಕೆ ಮದ್ದು ಬೇಕು ಅನ್ನುವುದೂ ನಿಜ. ನನ್ನ ತಕರಾರು ಮದ್ದಿನ ಮೇಲಲ್ಲ. ಟಿವಿಯಲ್ಲಿ, ಮೊಬೈಲಿನಲ್ಲಿ, ಪತ್ರಿಕೆಯಲ್ಲಿ ಅದರ ಬಗ್ಗೆ ಏನೇನೋ ಹೇಳಿ ಮಾರುತ್ತಾರಲ್ಲ, ಅದರ ಮೇಲೆ.

ನಾನು ಫಾರ್ಮಸಿ ಓದಿದವಳು. ವಿರಾಜಪೇಟೆ ತಾಲ್ಲೂಕಿನಲ್ಲಿ ಒಂದು ಮೆಡಿಕಲ್ ನಡೆಸುತ್ತೇನೆ. ಅಂಗಡಿಗೆ ಬಂದವರು "ಅಕ್ಕ, ಟಿವಿಯಲ್ಲಿ ಬರ್ತದಲ್ಲ, ಸೊಂಟ ಹಿಡ್ಕೊಂಡು ಕೂತವರು ಎದ್ದು ಓಡಾಡ್ತಾರೆ, ಅದು ಕೊಡಿ" ಅಂತ ಕೇಳುತ್ತಾರೆ. ಮದ್ದಿನ ಹೆಸರು ಹಿಡಿದು ಕೇಳುವವರು ತೀರಾ ಕಡಿಮೆ. ಅವರಿಗೆ ಗೊತ್ತಾಗುವುದಾದರೂ ಹೇಗೆ? ಎಷ್ಟು ಬೇಗ ನೋವು ಹೋಗುತ್ತದೆ ಅಂತ ಜಾಹೀರಾತು ಹೇಳುತ್ತದೆ. ಎಷ್ಟು ಆಳಕ್ಕೆ ಇಳಿಯುತ್ತದೆ ಅಂತ ಹೇಳುತ್ತದೆ. ಕೆಂಪು ಬಣ್ಣದ ಮಂಡಿ ನೀಲಿಯಾಗುವುದನ್ನು ತೋರಿಸುತ್ತದೆ. ಒಳಗೆ ಇರುವ ಮದ್ದು ಯಾವುದು, ದಿನಕ್ಕೆ ಎಷ್ಟರ ಮೇಲೆ ತಗೊಳ್ಳಬಾರದು, ಯಾರು ಮುಟ್ಟಲೇಬಾರದು, ಇದು ಮಾತ್ರ ಇಲ್ಲ. ಇದ್ದರೂ ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, ಓದುವಷ್ಟರಲ್ಲಿ ಮಾಯ. ಕನ್ನಡ ಚಾನೆಲ್‌ನಲ್ಲಿ ಕನ್ನಡದಲ್ಲೇ ಮಾತಾಡುವ ಜಾಹೀರಾತಿನ ಆ ಕೊನೆಯ ಸಾಲು ಎಷ್ಟೋ ಸಲ ಇಂಗ್ಲಿಷಿನಲ್ಲಿರುತ್ತದೆ.

ಇದರಿಂದ ಏನಾಗುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ತೋಟದ ಕೆಲಸದವರು ಇರುವ ಲೈನ್ ಮನೆಯಿಂದ ಒಬ್ಬರು ಬಂದಿದ್ದರು. ಜ್ವರ, ಮೈಕೈ ನೋವು, ಏನೂ ಕಡಿಮೆಯಾಗಿಲ್ಲ, ಇನ್ನೂ ಜೋರಾಗಿರುವುದು ಕೊಡಿ ಅಂದರು. ಈಗ ಏನು ತಗೊಳ್ತಾ ಇದ್ದೀರಿ ಅಂತ ಕೇಳಿದೆ. ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಕತ್ತರಿಯಲ್ಲಿ ಕತ್ತರಿಸಿದ ಮೂರು ಬಗೆಯ ಸ್ಟ್ರಿಪ್ಪಿನ ತುಂಡುಗಳು. ಒಂದರಲ್ಲಿ ಹೆಸರಿನ ಬಾಲ ಮಾತ್ರ ಉಳಿದಿತ್ತು, ಇನ್ನೊಂದರಲ್ಲಿ ಬರೀ ರೇಟು, ಮೂರನೆಯದರ ಹಿಂದೆ ಬೆಳ್ಳಿ ಹಾಳೆ ಬಿಟ್ಟರೆ ಒಂದಕ್ಷರವೂ ಇಲ್ಲ. ಜ್ವರಕ್ಕೆ ಒಂದು, ಶೀತಕ್ಕೆ ಒಂದು, ತಲೆನೋವಿಗೆ ಒಂದು ಅಂತ ಅವರ ಲೆಕ್ಕ. ಮಾತ್ರೆಯ ಬಣ್ಣ, ಆಕಾರ, ಉಳಿದ ಅಕ್ಷರ ಎಲ್ಲ ಸೇರಿಸಿ ನೋಡಿದರೆ ಮೂರರಲ್ಲೂ ಪ್ಯಾರಾಸಿಟಮಾಲ್ ಇತ್ತು.

ಲೆಕ್ಕ ಹಾಕಿ ನೋಡಿ. 650 ಮಿಲಿಗ್ರಾಂನ ಜ್ವರದ ಮಾತ್ರೆ ದಿನಕ್ಕೆ ಮೂರು ತಗೊಂಡರೆ 1950. ಶೀತದ ಮಾತ್ರೆಗಳಲ್ಲಿ ಸಾಮಾನ್ಯವಾಗಿ 500 ಇರುತ್ತದೆ, ಮೂರು ಅಂದರೆ 1500. ತಲೆನೋವಿನ ಮಾತ್ರೆಯಲ್ಲಿ 250 ಇದ್ದರೆ ಎರಡಕ್ಕೆ 500. ಒಟ್ಟು 3950. ದೊಡ್ಡವರಿಗೆ ದಿನಕ್ಕೆ 4000 ಮಿಲಿಗ್ರಾಂ ದಾಟಬಾರದು ಅನ್ನುವುದು ಮಿತಿ. ಅಂದರೆ ಇನ್ನೊಂದು ಮಾತ್ರೆ ನುಂಗಿದರೆ ಮಿತಿ ದಾಟಿದ ಹಾಗೆ. ದಿನಾ ಸಂಜೆ ಕುಡಿಯುವವರಿಗೆ, ಸರಿಯಾಗಿ ಊಟ ಮಾಡದವರಿಗೆ, ಮೈಯಲ್ಲಿ ಕಸುವಿಲ್ಲದವರಿಗೆ ಇದಕ್ಕಿಂತ ಕಡಿಮೆಯಲ್ಲೇ ಲಿವರ್‌ಗೆ ಪೆಟ್ಟು ಬೀಳಬಹುದು. ಆ ಮನುಷ್ಯ ಯಾವ ತಪ್ಪೂ ಮಾಡಿರಲಿಲ್ಲ. ಜ್ವರದ್ದು ಬೇರೆ, ಶೀತದ್ದು ಬೇರೆ, ತಲೆನೋವಿನದ್ದು ಬೇರೆ ಅಂತ ಜಾಹೀರಾತು ಹೇಳಿಕೊಟ್ಟಿತ್ತು, ಅವರು ನಂಬಿದ್ದರು.

ಪ್ಯಾರಾಸಿಟಮಾಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಯಾರೂ ಹಾಗೆ ತಿಳಿಯಬೇಡಿ. ಮಿತಿಯೊಳಗೆ ತಗೊಂಡರೆ ಅದಕ್ಕಿಂತ ಸುರಕ್ಷಿತವಾದ ನೋವಿನ ಮಾತ್ರೆ ಸಿಗುವುದು ಕಷ್ಟ. ಡೆಂಗಿ ಬಂದಾಗ ಡಾಕ್ಟರು ಕೊಡುವುದೂ ಅದನ್ನೇ. ಆಗ ಆಸ್ಪಿರಿನ್, ಐಬುಪ್ರೊಫೇನ್ ಥರದ ಬೇರೆ ನೋವಿನ ಮಾತ್ರೆ ತಗೊಂಡರೆ ರಕ್ತಸ್ರಾವದ ಅಪಾಯ ಜಾಸ್ತಿ. ಇಲಿ ಜ್ವರದಲ್ಲಿ ಕಿಡ್ನಿಗೇ ಪೆಟ್ಟು ಬೀಳುತ್ತದೆ, ಅದರ ಮೇಲೆ ಈ ಮಾತ್ರೆಗಳೂ ಸೇರಿದರೆ ಕೇಳುವುದೇ ಬೇಡ. ನಮ್ಮ ಜಿಲ್ಲೆಯ ಮಳೆಗಾಲ ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಗದ್ದೆ ಕೆಸರಿನಲ್ಲಿ ನಿಂತು ಕೆಲಸ ಮಾಡಿದವರಿಗೆ ಜ್ವರದ ಜೊತೆ ಮೈಕೈ ನೋವು ಬಂದರೆ ಅದು ಸುಮ್ನೆ ದಣಿವಾ, ಡೆಂಗಿಯಾ, ಇಲಿ ಜ್ವರವಾ ಅಂತ ಮೊದಲ ದಿನ ಡಾಕ್ಟರಿಗೇ ಹೇಳಲು ಕಷ್ಟ. ಅಂಥ ಹೊತ್ತಿನಲ್ಲಿ ಯಾವ ನೋವಿನ ಮಾತ್ರೆ ಅನ್ನುವುದೇ ಮುಖ್ಯವಾಗುತ್ತದೆ. ಅದನ್ನು ಮಾತ್ರ ಬಿಟ್ಟು ಉಳಿದದ್ದೆಲ್ಲ ಹೇಳುವ ಜಾಹೀರಾತು ಯಾರಿಗೆ ಬೇಕು?

ಬಿಪಿ ಮಾತ್ರೆ ತಗೊಳ್ಳುವ ಹಿರಿಯರ ಕತೆಯೂ ಇದೇ. ಕೆಲವು ಬಿಪಿ ಮಾತ್ರೆ, ಅದರ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ, ಅವುಗಳ ಮೇಲೆ ದಿನಾ ಒಂದು ಐಬುಪ್ರೊಫೇನ್ ಥರದ ನೋವಿನ ಮಾತ್ರೆ, ಮೂರೂ ಸೇರಿದರೆ ಕಿಡ್ನಿಗೆ ಅಪಾಯ. ಹೊಟ್ಟೆ ಉರಿ ಅಂತ ಬರುವ ಎಷ್ಟೋ ಮಂದಿ ಅದನ್ನು ಗ್ಯಾಸ್ಟ್ರಿಕ್ ಅಂದುಕೊಂಡಿರುತ್ತಾರೆ. ವಿಚಾರಿಸಿದರೆ ತಿಂಗಳುಗಟ್ಟಲೆ ಇಂಥ ನೋವಿನ ಮಾತ್ರೆ ತಗೊಂಡಿರುತ್ತಾರೆ, ಅದೂ ಖಾಲಿ ಹೊಟ್ಟೆಯಲ್ಲಿ. ಈ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು, ರಕ್ತ ಹೋಗಬಹುದು ಅಂದರೆ "ಹೌದಾ ಅಕ್ಕ, ಟಿವಿಯಲ್ಲಿ ಹೇಳೋದಿಲ್ವಲ್ಲ" ಅನ್ನುತ್ತಾರೆ. ಅವರು ಹೇಳುವುದು ಸರಿಯೇ ಅಲ್ವಾ?

ಇನ್ನು ಕಾನೂನಿನ ಮಾತು. ಕಾನೂನೇ ಇಲ್ಲ ಅಂತ ಯಾರೂ ಹೇಳುವಂತಿಲ್ಲ. 1954ರಷ್ಟು ಹಿಂದೆಯೇ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ ಬಂತು. ಅದರ ಪಟ್ಟಿಯಲ್ಲಿ 54 ಕಾಯಿಲೆಗಳಿವೆ, ಅವನ್ನು ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವಂತಿಲ್ಲ. ಕೀಲುವಾತವೂ ಆ ಪಟ್ಟಿಯಲ್ಲಿದೆ. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇನ್ನೂ ಗಟ್ಟಿ. ಅದರಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂತ ಒಂದು ಸಂಸ್ಥೆಯೇ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ಅದು ದಂಡ ಹಾಕಬಹುದು. ಜಾಹೀರಾತಿನಲ್ಲಿ ನಟಿಸಿ ಇದು ಒಳ್ಳೆಯದು ಅಂತ ಹೇಳಿದ ಸಿನಿಮಾದವರಿಗೂ ಕ್ರಿಕೆಟ್‌ನವರಿಗೂ ದಂಡ ಬೀಳಬಹುದು, ಒಂದು ವರ್ಷ ಜಾಹೀರಾತು ಮಾಡದಂತೆ ತಡೆಯಬಹುದು, ಮತ್ತೆ ಮಾಡಿದರೆ ಮೂರು ವರ್ಷದವರೆಗೆ.

ಈ ಕಾಯಿದೆಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಒಂದು ಮಾತಿದೆ. ಸುಳ್ಳು ಹೇಳುವುದು ಮಾತ್ರ ತಪ್ಪಲ್ಲ, ಮುಖ್ಯವಾದ ಮಾಹಿತಿಯನ್ನು ಬೇಕಂತಲೇ ಮುಚ್ಚಿಡುವುದೂ ದಾರಿ ತಪ್ಪಿಸುವ ಜಾಹೀರಾತೇ ಅಂತ ಅದು ಸ್ಪಷ್ಟವಾಗಿ ಹೇಳುತ್ತದೆ. ನೋವಿನ ಮಾತ್ರೆಯ ವಿಷಯದಲ್ಲಿ ಅದರೊಳಗಿನ ಮದ್ದಿನ ಹೆಸರು, ದಿನದ ಮಿತಿ ಇವಕ್ಕಿಂತ ಮುಖ್ಯವಾದ ಮಾಹಿತಿ ಇನ್ನೇನಿದೆ? 2022ರ ಜೂನ್‌ನಲ್ಲಿ ಇದೇ ಪ್ರಾಧಿಕಾರದಿಂದ ಬಂದ ಮಾರ್ಗಸೂಚಿಯೂ ಇದೆ. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಎಚ್ಚರಿಕೆಯ ಮಾತೂ ಅದೇ ಭಾಷೆಯಲ್ಲಿರಬೇಕು, ಅಕ್ಷರ ಅದೇ ಥರ ಇರಬೇಕು, ಬಾಯಲ್ಲಿ ಹೇಳಿದ ಮಾತಿಗೆ ಎಚ್ಚರಿಕೆಯೂ ಅದೇ ವೇಗದಲ್ಲಿ ಬರಬೇಕು ಅಂತ ಅದರಲ್ಲಿ ಬರೆದಿದೆ. ಇವತ್ತು ರಾತ್ರಿ ಟಿವಿ ಮುಂದೆ ಕೂತು ಯಾವುದಾದರೂ ನೋವಿನ ಮದ್ದಿನ ಜಾಹೀರಾತನ್ನು ನೀವೇ ನೋಡಿ, ಇದರಲ್ಲಿ ಎಷ್ಟು ಪಾಲಿಸಿದ್ದಾರೆ ಅಂತ.

ಕ್ರಮ ಕೈಗೊಂಡರೆ ಕೆಲಸ ಆಗುತ್ತದೆ ಅನ್ನುವುದಕ್ಕೂ ಸಾಕ್ಷಿ ಇದೆ. 2022ರ ಮಾರ್ಚ್‌ನಲ್ಲಿ ಇದೇ ಪ್ರಾಧಿಕಾರ ಸೆನ್ಸೊಡೈನ್ ಟೂತ್‌ಪೇಸ್ಟ್‌ನ ಜಾಹೀರಾತುಗಳಿಗೆ 10 ಲಕ್ಷ ದಂಡ ಹಾಕಿ ನಿಲ್ಲಿಸಲು ಹೇಳಿತು. ಜಗತ್ತಿನಾದ್ಯಂತ ದಂತವೈದ್ಯರು ಶಿಫಾರಸು ಮಾಡುತ್ತಾರೆ, ಜಗತ್ತಿಗೇ ನಂಬರ್ ಒನ್ ಅನ್ನುವ ಮಾತಿಗೆ ಸರಿಯಾದ ಆಧಾರ ಸಿಗಲಿಲ್ಲ ಅನ್ನುವುದು ಕಾರಣ. ಹಲ್ಲುಜ್ಜುವ ಪೇಸ್ಟಿಗೇ ಇಷ್ಟು ಬಿಗಿ ಮಾಡಲು ಆಗುವುದಾದರೆ ಹೊಟ್ಟೆಗೆ ಹೋಗುವ ಮಾತ್ರೆಗೆ ಯಾಕೆ ಆಗಬಾರದು?

ಆಸ್ಟ್ರೇಲಿಯಾದಲ್ಲಿ ನಡೆದದ್ದು ನಮ್ಮ ಸಮಸ್ಯೆಗೆ ಇನ್ನೂ ಹತ್ತಿರ. ಅಲ್ಲಿ ನ್ಯೂರೊಫೆನ್ ಅನ್ನುವ ಮಾತ್ರೆಯನ್ನು ಬೆನ್ನುನೋವಿಗೆ ಒಂದು ಡಬ್ಬಿ, ಮುಟ್ಟಿನ ನೋವಿಗೆ ಒಂದು, ಮೈಗ್ರೇನಿಗೆ ಒಂದು, ಒತ್ತಡದ ತಲೆನೋವಿಗೆ ಒಂದು ಅಂತ ಬೇರೆ ಬೇರೆ ಮಾಡಿ ಮಾರುತ್ತಿದ್ದರು. ಡಬ್ಬಿಯ ಬಣ್ಣ ಬೇರೆ ಬೇರೆ. ಒಳಗಿದ್ದದ್ದು ಮಾತ್ರ ಒಂದೇ, ಐಬುಪ್ರೊಫೇನ್ ಲೈಸೀನ್ 342 ಮಿಲಿಗ್ರಾಂ. ಬೆಲೆ ಮಾಮೂಲಿ ನ್ಯೂರೊಫೆನ್‌ಗಿಂತ ಸುಮಾರು ಎರಡು ಪಟ್ಟು. ಇದು ಜನರ ಕಣ್ಣಿಗೆ ಮಣ್ಣೆರಚುವ ಕೆಲಸ ಅಂತ ಅಲ್ಲಿನ ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. 2015ರ ಡಿಸೆಂಬರ್‌ನಲ್ಲಿ ಕೋರ್ಟು ಆಯೋಗದ ಪರವಾಗಿ ತೀರ್ಪು ಕೊಟ್ಟಿತು. ಮೊದಲು 17 ಲಕ್ಷ ಡಾಲರ್ ದಂಡ ಬಿತ್ತು. ಅಷ್ಟು ಸಾಲದು ಅಂತ ಆಯೋಗ ಮೇಲ್ಮನವಿ ಹಾಕಿತು, 2016ರ ಕೊನೆಗೆ ದಂಡ 60 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗೆ ಏರಿತು. ನುಂಗಿದ ಮಾತ್ರೆಗೆ ಬೆನ್ನು ಯಾವುದು, ತಲೆ ಯಾವುದು ಅಂತ ಗೊತ್ತಿರುವುದಿಲ್ಲ. ರಕ್ತದಲ್ಲಿ ಸೇರಿ ಮೈಯೆಲ್ಲ ಹೋಗುತ್ತದೆ. ಇಷ್ಟು ಸರಳವಾದ ವಿಷಯವನ್ನು ಜನರಿಗೆ ಹೇಳಲು ಕೋರ್ಟೇ ಬೇಕಾಯಿತು.

ಅಮೆರಿಕದಲ್ಲಿ ಇದಕ್ಕೂ ಮೊದಲೇ ನಡೆದದ್ದು ನಮ್ಮಲ್ಲಿ ಹಿರಿಯರಿಗೆಲ್ಲ ಗೊತ್ತಿರುವ ಅನಾಸಿನ್ ಹೆಸರಿನ ಪ್ರಕರಣ. ಡಾಕ್ಟರುಗಳು ಅತಿ ಹೆಚ್ಚು ಶಿಫಾರಸು ಮಾಡುವ ನೋವಿನ ಮದ್ದು ಇದರಲ್ಲಿ ಜಾಸ್ತಿ ಇದೆ ಅಂತ ಅಲ್ಲಿನ ಜಾಹೀರಾತು ಹೇಳುತ್ತಿತ್ತು. ಆ ಮದ್ದು ಮಾಮೂಲಿ ಆಸ್ಪಿರಿನ್. ಬೇರೆಯದಕ್ಕಿಂತ ನಮ್ಮದು ಮೇಲು ಅಂತ ಹೇಳಬೇಕಾದರೆ ಸರಿಯಾಗಿ ಮಾಡಿದ ಎರಡು ಕ್ಲಿನಿಕಲ್ ಪರೀಕ್ಷೆಗಳ ಆಧಾರ ತೋರಿಸಿ ಅಂತ ಅಲ್ಲಿನ ಸರ್ಕಾರಿ ವ್ಯಾಪಾರ ಆಯೋಗ, ಅಂದರೆ ಫೆಡರಲ್ ಟ್ರೇಡ್ ಕಮಿಷನ್, 1981ರಲ್ಲಿ ಆದೇಶ ಮಾಡಿತು. 1982ರಲ್ಲಿ ಅಪೀಲು ಕೋರ್ಟು ಇದನ್ನು ಒಪ್ಪಿತು. ನಮ್ಮಲ್ಲಿ "ದುಪ್ಪಟ್ಟು ಶಕ್ತಿ", "ಬೇರೆಲ್ಲದಕ್ಕಿಂತ ಬೇಗ" ಅಂತ ಹೇಳುವವರ ಹತ್ತಿರವೂ ಅಂಥ ಆಧಾರವನ್ನು ಮೊದಲೇ ಕೇಳಿದರೆ ಏನು ತಪ್ಪು?

ಮೊದಲೇ ಅನ್ನುವ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಈಗ ನಡೆಯುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ. ಜಾಹೀರಾತು ಬರುತ್ತದೆ, ಕೊಯ್ಲಿನ ಕಾಲವಿಡೀ ಓಡುತ್ತದೆ, ಯಾರೋ ದೂರು ಕೊಡುತ್ತಾರೆ, ವಿಚಾರಣೆ ಆಗುತ್ತದೆ, ಅಷ್ಟರಲ್ಲಿ ಅವರು ಬೇರೆ ಜಾಹೀರಾತು ತಂದಿರುತ್ತಾರೆ. ಬಾಮು, ಎಣ್ಣೆಗಳ ವಿಷಯದಲ್ಲಿ ಮೊದಲೇ ನೋಡುವ ಒಂದು ನಿಯಮ ಇತ್ತು. ಆಯುರ್ವೇದ, ಸಿದ್ಧ, ಯುನಾನಿ ಲೈಸೆನ್ಸಿನಲ್ಲಿ ಬರುವ ಮದ್ದುಗಳ ಜಾಹೀರಾತಿಗೆ ರಾಜ್ಯದ ಅಧಿಕಾರಿಯ ಒಪ್ಪಿಗೆ ಬೇಕು ಅಂತ 2018ರಲ್ಲಿ ಔಷಧ ನಿಯಮಗಳಲ್ಲಿ 170ನೇ ನಿಯಮ ತಂದರು. 2024ರ ಜುಲೈನಲ್ಲಿ ಕೇಂದ್ರ ಸರ್ಕಾರವೇ ಅದನ್ನು ತೆಗೆದುಹಾಕಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹಾಗೆ ತೆಗೆದುಹಾಕಿದ್ದಕ್ಕೆ ತಡೆ ಕೊಟ್ಟಿತು, ಒಂದು ವರ್ಷದ ನಂತರ 2025ರ ಆಗಸ್ಟ್‌ನಲ್ಲಿ ಆ ತಡೆಯೂ ಹೋಯಿತು. ನನಗೆ ಇದು ತುಂಬಾ ಬೇಸರದ ಸಂಗತಿ. ಅಂಗಡಿಗಳಲ್ಲಿ ಸಿಗುವ ನೋವಿನ ಬಾಮುಗಳಲ್ಲಿ ಎಷ್ಟೋ ಇದೇ ಲೈಸೆನ್ಸಿನಲ್ಲಿ ಬರುವಂಥವು, ಮಂಡಿ ನೋವಿನ ಎಣ್ಣೆಗಳಂತೂ ಹೇಳುವುದೇ ಬೇಡ. ನೋವಿನ ಬೇರನ್ನೇ ಕಿತ್ತುಹಾಕುತ್ತದೆ, ಸವೆದ ಮಂಡಿ ಮೊದಲಿನ ಹಾಗಾಗುತ್ತದೆ ಅಂತೆಲ್ಲ ಹೇಳುವುದು ಜಾಸ್ತಿ ಇವುಗಳಲ್ಲೇ. ಬಾಮು ಹಚ್ಚಿದರೆ ಚರ್ಮ ಬಿಸಿಯಾಗಿ ಅಥವಾ ತಣ್ಣಗಾಗಿ ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಅದಕ್ಕೂ ಒಂದು ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಸವೆದ ಕೀಲು ಅದರಿಂದ ಬೆಳೆಯುವುದಿಲ್ಲ.

ಪೆಟ್ಟಿಗೆ ಅಂಗಡಿ, ದಿನಸಿ ಅಂಗಡಿಗಳ ಬಗ್ಗೆಯೂ ಹೇಳಬೇಕು. ಒಂದು ಸಾವಿರಕ್ಕಿಂತ ಜಾಸ್ತಿ ಜನ ಇಲ್ಲದ ಹಳ್ಳಿಗಳಲ್ಲಿ ಪ್ಯಾರಾಸಿಟಮಾಲ್, ಆಸ್ಪಿರಿನ್, ಬಾಮಿನಂಥ ಕೆಲವು ಮದ್ದುಗಳನ್ನು ಲೈಸೆನ್ಸ್ ಇಲ್ಲದೆ ಮಾರಬಹುದು ಅಂತ ಔಷಧ ನಿಯಮಗಳ ಕೆ ಷೆಡ್ಯೂಲ್ ಅನ್ನುವ ಪಟ್ಟಿಯಲ್ಲಿ ಅವಕಾಶ ಇದೆ. ಕೊಡಗಿನಂಥ ಜಿಲ್ಲೆಗೆ ಇದು ಬೇಕು. ಮನೆಯಿಂದ ಮೆಡಿಕಲ್‌ಗೆ ಬಸ್ಸಿನಲ್ಲಿ ಹೋಗಬೇಕು, ಬಸ್ಸು ದಿನಕ್ಕೆ ಒಂದೋ ಎರಡೋ ಸಲ, ಮಳೆಗೆ ಮರ ಬಿದ್ದರೆ ಅದೂ ಇಲ್ಲ. ಆದರೆ ಕಂಪನಿಯ ಪ್ಯಾಕನ್ನು ಒಡೆಯದೆ, ಇದ್ದ ಹಾಗೆಯೇ ಮಾರಬೇಕು ಅಂತ ಅದೇ ನಿಯಮ ಹೇಳುತ್ತದೆ. ಕತ್ತರಿಸಿ ಎರಡೆರಡು ಮಾತ್ರೆ ಕೊಟ್ಟರೆ ಹೆಸರೂ ಹೋಯಿತು, ಎಕ್ಸ್‌ಪೈರಿ ದಿನಾಂಕವೂ ಹೋಯಿತು. ಡಾಕ್ಟರ ಚೀಟಿ ಬೇಕಾದ ಮಾತ್ರೆಗಳನ್ನು ಚೀಟಿ ಇಲ್ಲದೆ ಕೊಡುವ ಮೆಡಿಕಲ್‌ಗಳೂ ಇವೆ, ಅವರನ್ನೂ ಹಿಡಿಯಬೇಕು. ಅದು ಬೇರೆಯೇ ಒಂದು ಪತ್ರದ ವಿಷಯ.

ಜಾಹೀರಾತಿನಿಂದ ಹಳ್ಳಿಯ ಜನರಿಗೆ ಮದ್ದಿನ ಬಗ್ಗೆ ತಿಳುವಳಿಕೆ ಬರುತ್ತದೆ, ಬಿಗಿ ಮಾಡಿದರೆ ಅದೂ ನಿಲ್ಲುತ್ತದೆ ಅಂತ ವ್ಯಾಪಾರದವರು ನನ್ನ ಹತ್ತಿರ ವಾದ ಮಾಡಿದ್ದಾರೆ. ತಿಳುವಳಿಕೆ ಬರಬೇಕಾದರೆ ತಿಳಿಯಬೇಕಾದದ್ದನ್ನು ಹೇಳಬೇಕಲ್ವಾ? ನಾನು ಜಾಹೀರಾತೇ ಬೇಡ ಅನ್ನುತ್ತಿಲ್ಲ. ಬ್ರ್ಯಾಂಡಿನ ಹೆಸರು ಎಷ್ಟು ದೊಡ್ಡದಾಗಿದೆಯೋ ಅಷ್ಟೇ ದೊಡ್ಡದಾಗಿ ಒಳಗಿನ ಮದ್ದಿನ ಹೆಸರು ಕನ್ನಡದಲ್ಲಿ ಬರಲಿ. "ಇದರಲ್ಲಿ ಪ್ಯಾರಾಸಿಟಮಾಲ್ ಇದೆ, ಬೇರೆ ಮಾತ್ರೆಯಲ್ಲೂ ಇರಬಹುದು, ದಿನಕ್ಕೆ ಇಷ್ಟಕ್ಕಿಂತ ಬೇಡ" ಅಂತ ಹೇಳಲು ಐದಾರು ಸೆಕೆಂಡು ಸಾಕು. ಅದನ್ನು ಓಡಿಸಿಕೊಂಡು ಹೋಗದೆ, ಜಾಹೀರಾತಿನ ಉಳಿದ ಮಾತನ್ನು ಹೇಳುವ ಅದೇ ಧ್ವನಿಯಲ್ಲಿ, ಅದೇ ನಿಧಾನದಲ್ಲಿ ಹೇಳಲಿ. ಒಂದೇ ಮದ್ದನ್ನು ಮೈಯ ಬೇರೆ ಬೇರೆ ಭಾಗದ ಹೆಸರಲ್ಲಿ ಮಾರುವುದು ನಿಲ್ಲಲಿ. ಇಷ್ಟು ನಿಮಿಷದಲ್ಲಿ ನೋವು ಮಾಯ ಅಂತ ಹೇಳುವವರು ಅದರ ಪರೀಕ್ಷೆಯ ದಾಖಲೆಯನ್ನು ಜಾಹೀರಾತು ಬರುವ ಮೊದಲೇ ಸರ್ಕಾರಕ್ಕೆ ಕೊಡಲಿ, ಕೇಳಿದವರಿಗೆ ನೋಡಲೂ ಸಿಗಲಿ. ಡೆಂಗಿ ಕಾಲದಲ್ಲಿ, ಅಂದರೆ ಜೂನ್‌ನಿಂದ ಮಳೆ ನಿಲ್ಲುವವರೆಗೆ, ಜ್ವರ ಇದ್ದಾಗ ತಗೊಳ್ಳಬಾರದ ನೋವಿನ ಮಾತ್ರೆಯ ಜಾಹೀರಾತಿನಲ್ಲಿ ಆ ಮಾತನ್ನು ಕಡ್ಡಾಯ ಮಾಡಲಿ.

ಜಿಲ್ಲಾಡಳಿತಕ್ಕೂ ಒಂದು ಕೋರಿಕೆ. 2019ರ ಕಾಯಿದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿನ ದೂರನ್ನು ಜಿಲ್ಲಾಧಿಕಾರಿಗೇ ಕೊಡಬಹುದು, ಅವರು ವಿಚಾರಣೆ ಮಾಡಿ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ನನ್ನ ಅಂಗಡಿಗೆ ಬರುವವರಲ್ಲಿ ಈ ವಿಷಯ ಗೊತ್ತಿರುವ ಒಬ್ಬರನ್ನೂ ನಾನು ಕಂಡಿಲ್ಲ. ದೂರು ಎಲ್ಲಿ, ಹೇಗೆ ಕೊಡಬೇಕು ಅಂತ ಮಡಿಕೇರಿಯಿಂದ ಒಂದು ಪ್ರಕಟಣೆ ಬರಲಿ, ಗ್ರಾಮ ಪಂಚಾಯಿತಿಗಳಲ್ಲಿ, ಸಂತೆ ನಡೆಯುವ ಜಾಗದಲ್ಲಿ ಅಂಟಿಸಲಿ. ಅಲ್ಲಿಯವರೆಗೆ ಓದುಗರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಯಾವ ಚಾನೆಲ್, ಯಾವ ದಿನ, ಎಷ್ಟು ಹೊತ್ತಿಗೆ ಬಂತು ಅಂತ ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮಾತ್ರೆ ತಗೊಂಡು ಮೈಮೇಲೆ ಗಂದೆ ಎದ್ದರೆ, ಮುಖ ಊದಿದರೆ, ಮಲ ಕಪ್ಪಾಗಿ ಹೋದರೆ ಮೊದಲು ಆಸ್ಪತ್ರೆಗೆ ಹೋಗಿ. ಆಮೇಲೆ 1800-180-3024ಕ್ಕೆ ತಿಳಿಸಿ, ಅದು ಮದ್ದಿನ ಅಡ್ಡಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಸಹಾಯವಾಣಿ, ಕರೆಗೆ ದುಡ್ಡಿಲ್ಲ.

ಕೊನೆಯದಾಗಿ ನಿಮ್ಮಲ್ಲೂ ಒಂದು ಮಾತು ಕೇಳಬೇಕು ಸಂಪಾದಕರೇ. ಕೀಲುವಾತ ಪೂರ್ತಿ ಗುಣ, ಆಪರೇಷನ್ ಬೇಡ ಅನ್ನುವ ಜಾಹೀರಾತುಗಳು ಕನ್ನಡ ಪತ್ರಿಕೆಗಳಲ್ಲೂ ಬರುತ್ತವೆ. 1954ರ ಕಾಯಿದೆ ಮದ್ದು ಮಾಡಿದವರನ್ನು ಮಾತ್ರ ಹಿಡಿಯುವುದಿಲ್ಲ, ಅಂಥ ಜಾಹೀರಾತಿನ ಪ್ರಕಟಣೆಯಲ್ಲಿ ಯಾರೂ ಯಾವ ಪಾಲನ್ನೂ ತಗೊಳ್ಳಬಾರದು ಅನ್ನುತ್ತದೆ. ಪತ್ರಿಕೆ ನಡೆಸುವ ಕಷ್ಟ ನನಗೆ ಅರ್ಥವಾಗುತ್ತದೆ, ಜಾಹೀರಾತು ಇಲ್ಲದೆ ಆಗುವುದಿಲ್ಲ. ಆದರೂ ನೋವಿನ ಮದ್ದಿನ ಜಾಹೀರಾತು ಬಂದಾಗ ಒಳಗಿರುವ ಮದ್ದಿನ ಹೆಸರು, ಲೈಸೆನ್ಸ್ ನಂಬರು ಇಲ್ಲದಿದ್ದರೆ ಹಾಕುವುದಿಲ್ಲ ಅಂತ ನೀವು ಒಂದು ನಿಯಮ ಮಾಡಿಕೊಳ್ಳಲು ಆಗುತ್ತದಾ? ಇದಕ್ಕೆ ನಿಮ್ಮ ಉತ್ತರವನ್ನೂ ಈ ಪತ್ರದ ಕೆಳಗೆ ಪ್ರಕಟಿಸಬೇಕು ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಫಾರ್ಮಸಿಸ್ಟ್
ವಿರಾಜಪೇಟೆ ತಾಲ್ಲೂಕು, ಕೊಡಗು